ದೋಣಿಯ ತಳದ ನೀರು

ರಾತ್ರಿ ಹನ್ನೊಂದು. ಪಾಳು ಬಾವಿ ದಾಟಿ ಅಣ್ಣ ತಮ್ಮ ಇಬ್ಬರೂ ತಾಪಿ ಹೊಳೆಯ ಕೆಸರಿಗಿಳಿದರು... ಕಟ್ಟುಕತೆಯಲ್ಲ ಇದು. ನಮ್ಮ ಪಕ್ಕದ ಮನೆಯ ದಾಮೋದರನಿಗೇ ಆದದ್ದು, ತೊಂಬತ್ತಮೂರರಲ್ಲಿ. ಮಲ್ಪೆಯ ಮೀನುಗಾರನ ಮಗ, ಸೂರತ್ತಿನ ಉಧ್ನಾದಲ್ಲಿ ಹೋಟೆಲಿಟ್ಟಿದ್ದ.

ತಮ್ಮ ಗಣೇಶನಿಗೆ ಅಲ್ಲಿ ಎಂಜಲೆತ್ತಿ ಸಾಕಾಗಿತ್ತು. ಹಳೇ ದೋಣಿಯೊಂದನ್ನು ಕೊಂಡು ಕಡಲಿಗಿಳಿಯುತ್ತೇನೆಂದು ಹಟ ಹಿಡಿದ. ದಾಮೋದರನಿಗೆ ಒಂದೇ ಭಯ... ದೋಣಿಯ ಮರ ಲಡ್ಡಾಗಿ ಕೊಳೆತಿದ್ದರೆ ತಮ್ಮ ತಿರುಗಿ ಬರುವುದಿಲ್ಲ. ತಳ ನೋಡಬೇಕಾದರೆ ಹೊಳೆಯ ನೀರು ಇಳಿಯಬೇಕು. ಅವತ್ತು ಇಳಿತ ಇದ್ದದ್ದೇ ಆ ಹೊತ್ತಿಗೆ.

ಕೊಳೆತ ಮೀನು, ಕಾರ್ಖಾನೆಯ ನೀರು... ಎರಡರದ್ದೂ ನಾತ. ದಾಮೋದರ ಸುತ್ತಿಗೆಯಿಂದ ಹಲಗೆಗಳನ್ನು ಬಡಿಯುತ್ತ ಬಂದ. ಟಕ್... ಟಕ್... ಗಟ್ಟಿ. ಮೂತಿಯ ಹತ್ತಿರ... ದಬ್. ಚೂರಿ ಚುಚ್ಚಿದರೆ ಇಡ್ಲಿಗಿಳಿದ ಹಾಗೆ ಇಳಿಯಿತು. ಲೋಳೆ ಒಸರಿ ಬೆರಳಿಗೆ ಅಂಟಿತು. ಅಸಹ್ಯ!

“ಒಂದೇ ಹಲಗೆ ಅಲ್ವಾ, ಬದಲಿಸಿದರಾಯ್ತು,” ಗಣೇಶ ಪಿಸುಗುಟ್ಟಿದ. “ಒಳಗೆ ನೀರುಂಟಾ ನೋಡು.”

ದಾಮೋದರ ಹತ್ತಿದ. ಟಾರ್ಚು ಕೆಳಗೆ ಗಣೇಶನ ಕೈಯಲ್ಲಿ. ಕತ್ತಲಲ್ಲಿ ಪಾದ ಮುಳುಗುವಷ್ಟು ನೀರು ತಾಗಿತು. ತಳದ ನೀರನ್ನು ನಾಲಗೆಗೆ ಮುಟ್ಟಿಸಿ ನೋಡಬೇಕೆಂದು ಅಪ್ಪ ಕಲಿಸಿದ್ದರು. ಸಪ್ಪೆಯಾದರೆ ಮಳೆಯದು, ಉಪ್ಪಾದರೆ ದೋಣಿ ಸೋರುತ್ತದೆ. ಬೆರಳ ತುದಿಯಷ್ಟು ಸಾಕಿತ್ತು. ಆದರೆ ಹೋಟೆಲಿನವನ ಕೈ ನೋಡಿ... ಸಾಂಬಾರು ನೋಡುವ ಹಾಗೆ ಅಂಗೈ ತುಂಬ ತೆಗೆದು ಸುರ್ರ್ ಅಂತ ಹೀರಿಬಿಟ್ಟ!

“ಉಪ್ಪಾ, ಸಪ್ಪೆಯಾ?”

ದಾಮೋದರ ಬಾಯಿಗೆ ಬೆರಳು ಹಾಕಿದ. ಗಂಟಲಲ್ಲಿ ಕೂದಲು. ಎಳೆದ. ಗೇಣುದ್ದ ಬಂತು... ಮೊಳ ಬಂತು... ಎಣ್ಣೆ ಹಚ್ಚಿದ ಹೆಂಗಸಿನ ಕೂದಲು. ಇನ್ನೊಂದು ತುದಿ ನೀರಿನೊಳಗಿತ್ತು. ಆ ತುದಿಯನ್ನು ಕೆಳಗಿನಿಂದ ಯಾರೋ... ಮೆಲ್ಲಗೆ ಎಳೆದರು.

ಚೂರಿಯಿಂದ ಕೊಯ್ದು ಕೆಸರಿಗೆ ಹಾರಿದ. ಉಂಡದ್ದೆಲ್ಲ ಕಾರಿಕೊಂಡ. “ಬೇಡ ಮಾರಾಯ... ಒಳಗೆ ಯಾರೋ ಇದ್ದಾರೆ.”

“ಪಾತ್ರೆ ತೊಳೆಯುವವನು ಹೋಗ್ತಾನೆ ಅಂತ ನಾಟಕವಾ?” ಗಣೇಶ ಸಿಟ್ಟಿನಿಂದ ತಾನೇ ಹತ್ತಿ ಟಾರ್ಚಿನ ಬೆಳಕು ಬಿಟ್ಟ.

ತಳ ಒಣಗಿ ಬಿರುಕು ಬಿಟ್ಟಿತ್ತು. ಒಂದು ಹನಿ ನೀರಿಲ್ಲ. ನಗಲು ಬಾಯಿ ತೆರೆದ...

ಗುಳುಗುಳು... ಗುಳುಗುಳು... ಯಾರೋ ಬಾಯಿ ಮುಕ್ಕಳಿಸಿದರು. ಆಮೇಲೆ... ಥೂ!

ಅಣ್ಣನೇ ಇರಬೇಕೆಂದು ತಿರುಗಿದ. ಅಣ್ಣ ಅಷ್ಟು ದೂರದಲ್ಲಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ. ಗಣೇಶನ ಎಡಪಾದ ಒದ್ದೆಯಾಗಿತ್ತು. ಬೆಚ್ಚಗೆ... ಜೊಲ್ಲು ಜೊಲ್ಲಾಗಿ.

ದೋಣಿಯ ಮಾತು ಅವನು ಮತ್ತೆ ಎತ್ತಲಿಲ್ಲ. ಸುಳ್ಳೆನ್ನುವವರು ಉಧ್ನಾಕ್ಕೆ ಹೋಗಿ ನೋಡಿ, ಈಗಲೂ ಅದೇ ಹೋಟೆಲಿನಲ್ಲಿದ್ದಾನೆ. ದಿನಕ್ಕೆ ಹತ್ತು ಸಲ ಸಾಬೂನು ಹಚ್ಚಿ ಕಾಲು ತೊಳೆಯುತ್ತಾನೆ... ಎಡಗಾಲು ಮಾತ್ರ.