ಬೆನ್ನು ಕೊಡದೆ ಹೋದ ಬುನಿಮ್ ಅಕ್ಕ

ಸಭಾಪಾಲಕರೇ, ಸಭೆಯ ಹಿರಿಯರೇ, ಮುಂದಿನ ಸಾಲಿನಲ್ಲಿ ಕೂತಿರುವ ಅಕ್ಕನ ಮಗಳು ಮಿರಿಮ್, ಅಳಿಯಂದಿರೇ, ನಮ್ಮ ಸ್ನಾನದ ಗಾಡಿಯ ಗೆಳತಿಯರೇ — ಎಲ್ಲರಿಗೂ ನಮಸ್ಕಾರ. ಗುನ್ಸಾನ್ ಬಂದರಿನ ಈ ಕೊರೆಯುವ ಗಾಳಿಯಲ್ಲೂ ಇಷ್ಟು ಜನ ಬಂದಿದ್ದೀರಿ.

ನಮ್ಮನ್ನು ಅಗಲಿದ ಬುನಿಮ್ ಅಕ್ಕನವರ ಬಗ್ಗೆ ನಾಲ್ಕು ಒಳ್ಳೆ ಮಾತು ಆಡಿ ಅಂತ ನನ್ನನ್ನು ಕರೆದಿದ್ದಾರೆ. ಆಡ್ತೀನಿ. ಆದರೆ ಮೊದಲೇ ಹೇಳಿಬಿಡ್ತೀನಿ — ನನಗೆ ಅಕ್ಕನ ಮೇಲೆ ಸಿಟ್ಟಿದೆ. ದುಃಖಕ್ಕಿಂತ ಸಿಟ್ಟೇ ಜಾಸ್ತಿ. ಅವರು ನಮಗೆ ಮೋಸ ಮಾಡಿ ಹೋದರು. ಹೌದು, ಮೋಸ. ಪಾಲಕರು ತಲೆ ಎತ್ತಿ ನೋಡ್ತಿದ್ದಾರೆ — ನೋಡಲಿ.

ಹತ್ತೊಂಬತ್ತು ವರ್ಷ, ಪ್ರತಿ ಮಂಗಳವಾರ, ನಮ್ಮ ಚರ್ಚಿನ, ಸ್ನಾನದ ತೊಟ್ಟಿ ಇರೋ ಗಾಡಿಯಲ್ಲಿ ಓಣಿ ಓಣಿ ಸುತ್ತಿ ಹಾಸಿಗೆ ಹಿಡಿದ ಅಜ್ಜಿಯರ ಮೈ ತೊಳೆದವರು ಅಕ್ಕ. ನನ್ನ ಯಜಮಾನರು ತೀರಿಕೊಂಡು ಮೂರು ವರ್ಷ ನಾನು ಮನೆ ಬಾಗಿಲು ದಾಟಿರಲಿಲ್ಲ. ಒಂದು ದಿನ ಅಕ್ಕ ಬಂದರು. ಸಮಾಧಾನದ ಮಾತಿಲ್ಲ, ಪ್ರಾರ್ಥನೆ ಇಲ್ಲ. ಗಾಡಿ ಹತ್ತಿಸಿ, ಮೈಯುಜ್ಜೋ ಒರಟು ಬಟ್ಟೆ ನನ್ನ ಕೈಗೆ ತುರುಕಿದರು. "ಅಳೋದಾದ್ರೆ ಅಳು. ಕೈ ಮಾತ್ರ ನಿಲ್ಲಿಸಬೇಡ, ಅಜ್ಜಿಗೆ ಚಳಿ ಆಗ್ತದೆ" ಅಂದರು.

ಅವತ್ತಿನ ಅಜ್ಜಿ ಯಾರು ಗೊತ್ತಾ? ಮೀನು ಮಾರ್ತಿದ್ದ ಗೂ ಅಜ್ಜಿ. ಬಾಯಿ ಅಂದ್ರೆ ಬಾಯಿ! "ನನ್ನ ಮೈ ಮುಟ್ಟಿದ್ರೆ ಕೈ ಮುರಿತೀನಿ, ಹೋಗ್ರೇ ಆಚೆ" ಅಂತ ಬೋಗುಣಿ ಎಸೆದರು — ಹೀಗೆ, ನನ್ನ ಕಿವಿ ಪಕ್ಕದಲ್ಲೇ ಹೋಯ್ತು. ಅಕ್ಕ ಅವರೆದುರು ಮಂಡಿಯೂರಿ ಕೂತರು.

"ಅಜ್ಜಿ, ಬೈಬಲ್‌ನಲ್ಲಿ ಸ್ವಾಮಿ ಬಗ್ಗಿ ಶಿಷ್ಯರ ಕಾಲು ತೊಳೆದದ್ದನ್ನೇ ಎಲ್ಲರೂ ಹೇಳ್ತಾರೆ. ಕಾಲು ಚಾಚಿ ಕೊಟ್ಟವರದ್ದೇನು ಸಣ್ಣ ಕೆಲಸಾನಾ? ನೀವು ಬೆನ್ನು ಕೊಡದಿದ್ರೆ ನಮಗೆ ಮಾಡೋಕೆ ಕೆಲಸವೇ ಇಲ್ಲ. ಸ್ವಲ್ಪ ಉಪಕಾರ ಮಾಡಿ."

ಅಜ್ಜಿ ಬೆನ್ನು ಕೊಟ್ಟರು. ನಾನು ಉಜ್ಜಿದೆ. ಅರ್ಧಕ್ಕೇ ಬಿಸಿನೀರಲ್ಲಿ ಗೊರಕೆ ಹೊಡೆದು ನಿದ್ದೆ ಹೋದರು, ಅಷ್ಟು ಜೋರಾಗಿ! ನಾನು ನಕ್ಕುಬಿಟ್ಟೆ. ಮೂರು ವರ್ಷದ ಮೇಲೆ ನಕ್ಕಿದ್ದೆ. ದೇವರು ನನ್ನನ್ನು ಇನ್ನೂ ಯಾಕೆ ಇಟ್ಟಿದ್ದಾನೆ ಅಂತ ಆ ತೊಟ್ಟಿ ಪಕ್ಕದಲ್ಲೇ ನನಗೆ ತಿಳಿದದ್ದು.

ಇಷ್ಟು ಹೇಳಿಕೊಟ್ಟವರು — ತಾವೇನು ಮಾಡಿದರು?

ಹೋದ ಏಪ್ರಿಲ್‌ನಲ್ಲಿ, "ಬುಸಾನಿಗೆ ಹೋಗ್ತೀನಿ, ಮಗಳ ಮನೆಗೆ, ಮೊಮ್ಮಗು ನೋಡ್ಕೊಳ್ಳೋಕೆ" ಅಂದರು. ನಾವು ಬುತ್ತಿ ಕಟ್ಟಿಕೊಟ್ಟೆವು. ಅಪ್ಪಿಕೊಂಡು ತಗೊಂಡರು. ಫೋನ್ ಮಾಡಿದರೆ "ಇಲ್ಲಿನ ಕಡಲಗಾಳಿ ಚೆನ್ನಾಗಿದೆ ಕಣೇ" ಅನ್ನೋರು. ಏಳು ತಿಂಗಳು! ಅಕ್ಕ ಇದ್ದದ್ದು ಬುಸಾನಲ್ಲಲ್ಲ. ಇಲ್ಲೇ, ಮೀನು ಮಾರುಕಟ್ಟೆ ಹಿಂದಿನ ಆಸ್ಪತ್ರೆಯಲ್ಲಿ. ಪ್ರತಿ ಮಂಗಳವಾರ ನಮ್ಮ ಗಾಡಿ ಅದರ ಗೇಟಿನ ಮುಂದೆಯೇ ಹೋಗ್ತಿತ್ತು. ಒಳಗೆ ಅಕ್ಕನ ಮೈಯನ್ನು ಗುರುತಿಲ್ಲದ ಹೆಂಗಸರು ತೊಳೀತಿದ್ದರು.

ಮಿರಿಮ್‌ಗೆ ಕೇಳಿದೆ, ಯಾಕಮ್ಮ ಹೇಳಲಿಲ್ಲ ಅಂತ. ಪಾಪ, ಅಳ್ತಾ ಹೇಳಿದಳು: "ಅಮ್ಮ ಮಾತು ತಗೊಂಡಿದ್ರು ಆಂಟಿ. 'ಅವರೆಲ್ಲ ನನ್ನನ್ನ ಗಟ್ಟಿಗಿತ್ತಿಯಾಗಿ ನೋಡಿದವರು, ಈ ಮೈ ಅವರಿಗೆ ತೋರಿಸಲ್ಲ' ಅಂದ್ರು."

ಕೇಳಿದಿರಾ? ಊರಿನ ಅಜ್ಜಿಯರೆಲ್ಲ ನಾಚಿಕೆ ಬಿಡಬೇಕಿತ್ತು, ಇವರು ಬಿಡೋ ಹಾಗಿಲ್ಲ! ಹತ್ತೊಂಬತ್ತು ವರ್ಷ ಎಲ್ಲರ ಬೆನ್ನನ್ನೂ ಕೇಳಿ ಪಡೆದವರು ತಮ್ಮ ಬೆನ್ನನ್ನು ನಮಗೆ ಒಂದೇ ಒಂದು ಸಲ ಕೊಡಲಿಲ್ಲ. ನಮ್ಮ ಪಾಲಿನ ಸಂತೋಷವನ್ನು ನಮ್ಮಿಂದ ಕಿತ್ತುಕೊಂಡು ಹೋದರು. ನನ್ನ ಕೈಗೆ ಬಟ್ಟೆ ಕೊಟ್ಟವರು, ನಾನು ಬೇಕೇ ಬೇಕಾಗಿದ್ದ ಹೊತ್ತಿನಲ್ಲಿ ನನ್ನನ್ನು ಆಚೆ ನಿಲ್ಲಿಸಿದರು. ಕ್ಷಮಿಸಿದ್ದೀಯಾ ಅಂತ ಕೇಳಿದರೆ — ಇಲ್ಲ. ಇನ್ನೂ ಇಲ್ಲ.

ನಿನ್ನೆ ಈ ಮಾತುಗಳನ್ನು ಬರೆಯೋಕೆ ಕೂತೆ. ಆಗಲಿಲ್ಲ. ಕಣ್ಣೀರಿನಿಂದಲ್ಲ. ಈ ಬಲಗೈ ನೋಡಿ — ನಡುಗ್ತಿದೆ. ಗಾಡಿಯ ಗೆಳತಿಯರೇ, ಭುಜ ಉಳುಕಿದೆ ಅಂತ ನಿಮಗೆ ಹೇಳಿದ್ದೆ. ಸುಳ್ಳು. ನಡುಕದ ಕಾಯಿಲೆ, ವಾಸಿಯಾಗಲ್ಲ ಅಂತ ಡಾಕ್ಟರು ಹೇಳಿ ಎರಡು ತಿಂಗಳಾಯ್ತು. ನಾನೂ ದೇಗು ಊರಿನಲ್ಲಿರೋ ತಂಗಿ ಮನೆಗೆ ಹೋಗ್ತೀನಿ ಅಂತ ನಿಮಗೆ ಹೇಳೋಳಿದ್ದೆ. ಅಲ್ಲಿ ನನಗೆ ತಂಗಿಯೇ ಇಲ್ಲ. ಅಕ್ಕನಿಗೆ ಬೈದದ್ದರಲ್ಲಿ ಅರ್ಧ ನನಗೇ ಸೇರಬೇಕು.

ನಾನು ಎಲ್ಲಿಗೂ ಹೋಗಲ್ಲ. ನನ್ನ ಸರದಿ ಬಂದಾಗ ಗಾಡಿ ನಮ್ಮ ಓಣಿಗೇ ಬರಲಿ. ಬೋಗುಣಿ ಎಸೆದರೆ ತಪ್ಪಿಸಿಕೊಳ್ಳಿ, ಆದರೆ ವಾಪಸ್ ಹೋಗಬೇಡಿ.

ಈಗ ಅಕ್ಕನಿಗಾಗಿ ಎಲ್ಲರೂ ಏಳಬೇಕು. ಆದರೆ ಇವತ್ತು ಯಾರೂ ತಾವಾಗಿ ಏಳಬೇಡಿ — ಗಟ್ಟಿಮುಟ್ಟಾಗಿರೋರೂ ಅಷ್ಟೇ. ಪಕ್ಕದವರ ಕಡೆ ಕೈ ಚಾಚಿ, "ನನ್ನನ್ನ ಎಬ್ಬಿಸಿ" ಅಂತ ಬಾಯಿಬಿಟ್ಟು ಕೇಳಿ. ನಾಚಿಕೆ ಆಗ್ತದೆ, ಅಲ್ವಾ? ನನಗೂ ಆಗ್ತಿದೆ.

ಮಿರಿಮ್, ಇಲ್ಲಿ ಬಾಮ್ಮ. ಈ ಕೈ ಹಿಡ್ಕೋ. ನಡುಗಿದ್ರೂ ಬಿಡಬೇಡ — ಎದ್ದಿರಾ ಎಲ್ಲರೂ?

ಇನ್ನು ಮೌನ.