ಹಳಿ ರಿಪೇರಿ ಮುಗಿಯೋದರೊಳಗೆ

ಶ್ಶ್... ಮೆಲ್ಲಗೆ! ಮೊದಲು ಆ ಬಾಗಿಲು ಹಾಕಿ ಬಾ. ನಾನು ಹೇಳೋದು ನಿನ್ನ ಗಂಡನ ಕಿವಿಗೂ ಬೀಳಕೂಡದು. ನನ್ನ ಮಗನೇ ಇರಬಹುದು ಕಣೇ, ಆದರೆ ಅವನ ಬಾಯಲ್ಲಿ ಒಂದು ಮಾತು ನಿಲ್ಲೋದಿಲ್ಲ. ಯಾರ ಹಾಗೆ ಅಂದರೆ? ಅವರಪ್ಪನ ಹಾಗೆ! ಯಾಕೆ ನಗ್ತೀಯ? ಇಲ್ಲ ಕಣೇ, ನಾನಿನ್ನೂ ಯಾರಿಗೂ ಹೇಳಿಲ್ಲ. ಮೇಲಿನ ಮನೆಯವಳಿಗೆ ಬಿಟ್ಟರೆ. ಹಾಲಿನವನಿಗೆ ಅರ್ಧ ಹೇಳಿದೆ, ಅಷ್ಟರಲ್ಲಿ ಅವನಿಗೆ ಫೋನು ಬಂತು.

ನೀನು ಇಸ್ತ್ರಿ ಮಾಡ್ತಾನೇ ಕೇಳು. ...ಮಂಡಿ? ಮಂಡಿ ಚೆನ್ನಾಗಿದೆ ಬಿಡು, ಅದೆಲ್ಲಿಗೆ ಓಡಿಹೋಗುತ್ತೆ! ಪಾಪ, ನೀನು ರಾತ್ರಿ ಪಾಳಿ ಮುಗಿಸಿ ಬಂದು, ಕಣ್ಣು ಉರಿಯುತ್ತಿದ್ದರೂ ಮಗು ನೋಡಿಕೊಂಡು, ನನ್ನನ್ನು ದಿನಾ ಆಸ್ಪತ್ರೆಗೆ ಮಂಡಿ ವ್ಯಾಯಾಮಕ್ಕೆ ಕಳಿಸ್ತೀಯ. ಅದನ್ನು ನಾನು ಮರೀತೀನಾ? ಈಗ ವಿಷಯಕ್ಕೆ ಬರ್ತೀನಿ.

ಎದುರು ಮನೆ ಟೈಲರಮ್ಮ ಇದ್ದಾಳಲ್ಲ, ನೆಲ ನೋಡಿಕೊಂಡೇ ನಡೆಯೋಳು, ಈ ವಯಸ್ಸಿನವರೆಗೂ ಮದುವೆ ಬೇಡ ಅಂತ ಕೂತವಳು... ಅವಳಿಗೆ ಗಂಡು ಸಿಕ್ಕಿದಾನೆ! ಎಲ್ಲಿ ಅಂತೀಯ? ಬಸ್ಸಲ್ಲಿ!

ಯಾವ ಬಸ್ಸಾ? ಹಳಿ ರಿಪೇರಿ ಅಂತ ರೈಲು ನಿಲ್ಲಿಸಿ, ಬದಲಿಗೆ ಬಿಟ್ಟಿ ಬಸ್ಸು ಬಿಟ್ಟಿದಾರಲ್ಲ, ಅದೇ. ಊರಿಗೂರೇ ಶಾಪ ಹಾಕ್ತಿದೆ. ಒಬ್ಬನಿಗೆ ಆಫೀಸು ತಡ, ಇನ್ನೊಬ್ಬಳಿಗೆ ಕಾಲೇಜು ತಡ, ಸಿಗ್ನಲ್ ಸಿಗ್ನಲ್ಲಿಗೂ ಗೊಣಗಾಟ. ನಾನು ಮಾತ್ರ ಬೈಯಲ್ಲಪ್ಪ. ರೈಲಲ್ಲಿ ಏನಿತ್ತು ಹೇಳು? ಎಲ್ಲರೂ ಕಂಬ ಹಿಡ್ಕೊಂಡು, ಫೋನಲ್ಲಿ ಮೂಗು ಇಟ್ಕೊಂಡು ನೇತಾಡ್ತಿದ್ರು. ಬಸ್ಸಲ್ಲಿ ಇಬ್ಬಿಬ್ಬರ ಸೀಟು! ಅಂಟಿಕೊಂಡೇ ಕೂರಬೇಕು. ಬಾಯಿ ತಾನಾಗೇ ಬಿಚ್ಚಿಕೊಳ್ಳುತ್ತೆ.

ಗಂಡು ಯಾರು ಗೊತ್ತಾ? ಟಿಕೆಟ್ ಚೆಕ್ಕರ್! ಆ ಕರಿಕೋಟು! ಹೋದ ವರ್ಷ ಪಾಸಿನ ತಾರೀಕು ಮುಗಿದಿದೆ ಅಂತ ನನ್ನನ್ನು ರೈಲಿಂದ ಇಳಿಸಿದನಲ್ಲ, ಅದೇ ಪ್ರಾಣಿ. ಬಿಟ್ಟಿ ಬಸ್ಸಲ್ಲಿ ಅವನಿಗೇನು ಕೆಲಸ? ಮುದುಕರನ್ನು ಕೈ ಹಿಡಿದು ಹತ್ತಿಸೋದು, "ಒಳಗೆ ಸರೀರಿ, ಒಳಗೆ ಸರೀರಿ" ಅನ್ನೋದು. ಆದರೂ ಅಭ್ಯಾಸ ನೋಡು... ಮೊದಲನೇ ದಿನವೇ ಟೈಲರಮ್ಮನ ಮುಂದೆ ಕೈ ಚಾಚಿ "ಟಿಕೆಟ್" ಅಂದುಬಿಟ್ಟ! ಇಡೀ ಬಸ್ಸು ಗೊಳ್ಳೆಂದು ನಕ್ಕಿತು. ಇವಳು ನಗಲಿಲ್ಲ. ಇವಳಿಗೂ ಅಭ್ಯಾಸ! ಚಾಚಿದ ತೋಳು ಕಂಡದ್ದೇ ತಡ, ಬ್ಯಾಗಿಂದ ಟೇಪು ಎಳೆದು ಅಳತೆ ಹಿಡಿದಳು. "ತೋಳು ಎರಡು ಬೆರಳು ಉದ್ದ ಆಗಿದೆ ಸಾರ್, ಯಾರು ಹೊಲಿದದ್ದು?" ಅಷ್ಟರಲ್ಲಿ ಡ್ರೈವರ್ ಬಸ್ಸನ್ನು ಗುಂಡಿಗೆ ಇಳಿಸಿದ. ಕರಿಕೋಟು ಮುಗ್ಗರಿಸಿ ಅವಳ ಪಕ್ಕದ ಸೀಟಿಗೆ ಬಿದ್ದ. ಬಿದ್ದವನು ಎದ್ದಿದ್ದರೆ ಕೇಳು!

ಅವತ್ತಿಂದ ಬಸ್ಸಲ್ಲೇ ಕೋಟಿನ ರಿಪೇರಿ ಶುರು. ಇವತ್ತು ತೋಳು ಬಿಚ್ಚೋದು, ನಾಳೆ ಹಾಕೋದು, ನಾಡಿದ್ದು "ಯಾಕೋ ಸರಿ ಕೂತಿಲ್ಲ" ಅಂತ ಮತ್ತೆ ಬಿಚ್ಚೋದು. ಹಳಿ ಕೆಲಸಕ್ಕಿಂತ ನಿಧಾನ ಅವಳ ಸೂಜಿ! ನಿನ್ನೆ ಆ ಮನುಷ್ಯ ಒಂದೇ ತೋಳಿನ ಕೋಟು ಹಾಕ್ಕೊಂಡು ಜನರನ್ನು ಹತ್ತಿಸ್ತಿದ್ದ. ಯಾರೋ ಕೈ ಮುರಿದಿದೆ ಅಂದುಕೊಂಡು ಸೀಟು ಬಿಟ್ಟುಕೊಟ್ಟರು!

ನನಗೆ ಹೇಗೆ ಗೊತ್ತಾ? ಹಿಂದಿನ ಸೀಟಲ್ಲಿ ನಾನೇ ಅಲ್ವೇನೇ ಕೂರೋದು! ಸೇತುವೆ ದಾಟಿದ ಮೇಲೆ ಅವನು ಒಂದು ಬಾಳೆಹಣ್ಣು ಸುಲಿದು ಅವಳಿಗೆ ಅರ್ಧ ಕೊಡ್ತಾನೆ. ದೊಡ್ಡ ಅರ್ಧ!

...ಏನಂದೆ? ಆಸ್ಪತ್ರೆ ಸೇತುವೆಗಿಂತ ಮುಂಚೆ ಅಲ್ವಾ ಅಂದೆಯಾ? ಅದು... ಬಸ್ಸು ಸುತ್ತಿಕೊಂಡು ಹೋಗುತ್ತೆ ಕಣೇ. ನೇರ ಹೋಗೋಕೆ ಅದಕ್ಕೇನು ಹಳಿ ಇದೆಯಾ? ಮಧ್ಯೆ ಬಾಯಿ ಹಾಕಬೇಡ, ಕತೆ ಕೆಡುತ್ತೆ.

ಸಂಕಟ ಏನಪ್ಪಾ ಅಂದರೆ, ಸೋಮವಾರ ರೈಲು ಶುರುವಂತೆ! ಬಸ್ಸು ನಿಂತುಹೋಗುತ್ತೆ. ಅವನು ಬೋಗಿಯಿಂದ ಬೋಗಿಗೆ ಓಡ್ತಾನೆ, ಇವಳು ಮತ್ತೆ ನೆಲ ನೋಡ್ತಾಳೆ. ಇಷ್ಟು ದಿನ ಅಂಟಿಕೊಂಡು ಕೂತರೂ ಇಬ್ಬರಲ್ಲಿ ಒಬ್ಬರಾದರೂ ಆ ಮಾತು ಎತ್ತಿಲ್ಲ! ಕಾಲರ್ ಅಂತೆ, ಗುಂಡಿಯಂತೆ, ಅಸ್ತರ್ ಅಂತೆ! ನನಗೆ ಊಟ ಸೇರ್ತಿಲ್ಲ, ನಿದ್ದೆ ಹತ್ತುತ್ತಿಲ್ಲ. ಮೊನ್ನೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಹಳಿಗೆ ಬೆಸುಗೆ ಹಾಕೋನಿಗೆ ಕೂಗಿಯೇ ಹೇಳಿದೆ, "ಅವಸರ ಬೇಡಪ್ಪ, ನಿಧಾನಕ್ಕೆ ಗಟ್ಟಿಯಾಗಿ ಮಾಡು!" ಬಸ್ಸಿನ ಜನ ನನ್ನನ್ನು ನುಂಗೋ ಹಾಗೆ ನೋಡಿದರು. ನಗಬೇಡವೇ!

ಇವತ್ತು ತಡೆಯೋಕಾಗಲಿಲ್ಲ. ಎರಡು ಸೀಟಿನ ಸಂದಿಯಲ್ಲಿ ತಲೆ ತೂರಿಸಿದೆ. "ಏನಪ್ಪಾ, ಕೇಳೋದಿದ್ದರೆ ಇವತ್ತೇ ಕೇಳು, ಸೋಮವಾರ ರೈಲು ಬರುತ್ತೆ. ನೀನೂ ಅಷ್ಟೆ ತಾಯಿ, ಆ ಸೂಜಿ ಕೆಳಗಿಡು!" ಅವನು ಕಿವಿವರೆಗೂ ಕೆಂಪಾಗಿ, ತೊದಲಿ ತೊದಲಿ, "ಭಾನುವಾರ ನಿಮ್ಮ ಅಂಗಡಿ ತೆಗೆದಿರುತ್ತಾ?" ಅಂದ. ಅವಳು ದಾರ ಹಲ್ಲಲ್ಲಿ ಕಡಿದು, "ಇಲ್ಲ. ನಿಮಗೆ ತೆಗೀತೀನಿ" ಅಂದಳು! ಡ್ರೈವರ್ ಹಾರ್ನ್ ಹೊಡೆದ ಕಣೇ!

ಅಷ್ಟೇ. ಆಮೇಲೆ ಅವಳು ನನ್ನ ಕಡೆ ತಿರುಗಿ... ಏನೂ ಇಲ್ಲ, ಬಿಡು. ಆ ಅಂಗಿ ಮಡಚು.

...ಯಾಕೆ ಸುಮ್ಮನಾದೆ? ಇಸ್ತ್ರಿಪೆಟ್ಟಿಗೆ ಯಾಕೆ ನಿಲ್ಲಿಸಿದೆ? ಏನಾದರೂ ಅನ್ನೇ! ಮಂಡಿ ಯಾಕೆ ನೋಡ್ತೀಯ, ನನ್ನ ಮುಖ ನೋಡು... ಬೇಡ, ಮುಖ ನೋಡಬೇಡ. ಆಸ್ಪತ್ರೆಯವರು ಏನಾದರೂ ಫೋನ್ ಮಾಡಿದ್ರಾ? ಮಾಡಿದ್ರಾ? ಅಯ್ಯೋ, ಹಾಗೆ ಬಾಯಿ ಹೊಲಿದುಕೊಂಡು ನಿಲ್ಲಬೇಡ ತಾಯಿ, ಅದಕ್ಕಿಂತ ನಾಲ್ಕು ಬೈದುಬಿಡು! ...ಸರಿ. ಸರಿ, ಹೇಳ್ತೀನಿ. ಬಸ್ಸಿನವರೆಲ್ಲ ಕೇಳಿಸಿಕೊಂಡಿದ್ದಾರೆ, ನೀನೊಬ್ಬಳು ಯಾಕೆ ಬಿಡಬೇಕು. ಟೈಲರಮ್ಮ ನನ್ನ ಮುಖಕ್ಕೇ ಅಂದಳು:

"ನಮ್ಮದು ಹೇಗೋ ಆಯ್ತು ದೊಡ್ಡಮ್ಮ. ಆಸ್ಪತ್ರೆ ಸ್ಟಾಪಲ್ಲಿ ಆ ವ್ಯಾಯಾಮದ ಹುಡುಗಿ ದಿನಾ ಹೊರಗೆ ಬಂದು ನಿಮಗೋಸ್ಕರ ಕಾಯ್ತಾಳೆ, ನೀವು ದಿನಾ ಕಿಟಕಿಯಿಂದ ಅವಳಿಗೆ ಟಾಟಾ ಮಾಡಿ ಮುಂದೆ ಹೋಗ್ತೀರಿ. ನಾಳೆಯಾದರೂ ಇಳೀರಿ!"