ಲಿಫ್ಟ್ ಕುರ್ಚಿಯಿಂದ ಇಳಿಯೋದು ಹೇಗೆ?

ಹಲೋ... ಹಲೋ, ಯಾರು ಮಾತಾಡ್ತಿರೋದು? ಹಾಂ, ಸ್ಕೀ ಶಾಲೆನೇ. ಶೆಮ್ಶಕ್ ಇಳಿಜಾರಿನ ಬುಡದಲ್ಲಿ ಇರೋದು, ಅದೇ. ಗಾಳಿ ಸದ್ದು ಜಾಸ್ತಿ ಬರ್ತಿದೆ, ಸ್ವಲ್ಪ ಜೋರಾಗಿ ಹೇಳಿ.

…

ಹೆಸರು ಹೇಳಲ್ವಾ? ಬೇಡ ಬಿಡಿ. ಲಿಫ್ಟಿನ ಕಂಬಗಳ ಮೇಲೆ ನಾವೇ ಬರೆಸಿದೀವಲ್ಲ, 'ಕೇಳೋಕೆ ನಾಚಿಕೆಯಾದ್ರೆ ಫೋನ್ ಮಾಡಿ, ಹೆಸರು ಕೇಳೋದಿಲ್ಲ' ಅಂತ. ಸಂಕೋಚ ಬೇಡ. ಬೆಳಿಗ್ಗೆ ಒಬ್ಬರು, ಇಷ್ಟೆಲ್ಲ ಬಟ್ಟೆ ಬಿಗಿದುಕೊಂಡ ಮೇಲೆ ಒಂದಕ್ಕೆ ಹೋಗೋದು ಹೇಗೆ ಅಂತ ಕೇಳಿದ್ರು. ಇನ್ನೊಬ್ಬಾಕೆ ಬಿದ್ದ ಮೇಲೆ ಏಳೋದು ಹೇಗೆ ಅಂತ ಬಿದ್ದ ಜಾಗದಿಂದಲೇ ಕೇಳಿದ್ರು. ನೀವೂ ಕೇಳಿ.

…

ಓ, ನಿಮಗಲ್ಲ. ನಿಮ್ಮ ಸ್ನೇಹಿತರಿಗೆ. ಹಾಂ, ಹಾಂ, ಈ ನಂಬರಿಗೆ ಫೋನ್ ಮಾಡೋರಿಗೆಲ್ಲ ಒಬ್ಬ ಸ್ನೇಹಿತ ಇದ್ದೇ ಇರ್ತಾನೆ. ಏನಾಗಿದೆಯಂತೆ ಪಾಪ ಅವರಿಗೆ?

…

ಬೂಟು ಕಚ್ತಿದೆಯಾ? ಎಷ್ಟು ಜೊತೆ ಕಾಲುಚೀಲ ಹಾಕಿದಾರೆ? ಮೂರಾ! ತೆಳ್ಳಗಿರೋದು ಒಂದೇ ಸಾಕಿತ್ತು. ಸರಿ, ಬೂಟಿನ ಕೊಂಡಿಗಳು ಹೊರಗಡೆಗೆ ಇವೆಯಾ, ಒಳಗಡೆಗಾ? ನೋಡಿ ಹೇಳಿ.

…

ಒಂದರ ಕೊಂಡಿ ಇನ್ನೊಂದಕ್ಕೆ ಸಿಕ್ಕಿಹಾಕ್ಕೊಳ್ತಿದೆ. ಅಂದ್ರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕ್ಕೊಂಡಿದಾರೆ. ಇಲ್ಲಪ್ಪ, ನಗ್ತಿಲ್ಲ. ಕೆಮ್ಮು.

…

ಇನ್ನೂ ಒಂದು ಪ್ರಶ್ನೆನಾ? ಗಾಗಲ್ಸ್ ಗುರುತಾ? ಏನಾಗಿದೆ ಅದಕ್ಕೆ?

…

ತಡೀರಿ, ತಡೀರಿ. ನಿಮ್ಮ ಸ್ನೇಹಿತರು ತೆಹ್ರಾನಿನಲ್ಲಿ ಸಲೂನಿಗೆ ಹೋಗಿ, ಗಾಗಲ್ಸ್ ಮುಚ್ಚೋ ಜಾಗ, ಕಣ್ಣಿನ ಸುತ್ತ, ಬೆಳ್ಳಗೆ ಬಿಟ್ಟು, ಮಿಕ್ಕ ಮುಖಕ್ಕೆಲ್ಲ ಬಿಸಿಲಲ್ಲಿ ಸುಟ್ಟ ಬಣ್ಣ ಹಚ್ಚಿಸ್ಕೊಂಡಿದಾರೆ. ಹುಟ್ಟಿದಾಗಿನಿಂದ ಹಿಮದಲ್ಲೇ ಬೆಳೆದೋರ ಥರ ಕಾಣಲಿ ಅಂತ. ಈಗ ಹಿಮ ಬಿದ್ದು ಬಣ್ಣ ಕೊರಳಿಗೆ ಇಳೀತಿದೆ. ಹಾಗೆ ತಾನೇ? ಒರೆಸಬೇಡಿ ಅಂತ ಹೇಳಿ. ಒರೆಸಿದ್ರೆ ಬೆಳ್ಳಗಿರೋ ಕಡೆಗೂ ಹತ್ತುತ್ತೆ.

…

ಯಾರು ನೋಡಿಬಿಡ್ತಾರೆ? ಮಾವ ಆಗೋರಾ? ಓಹೋ. ಹುಡುಗಿ ಕೇಳೋಕೆ ಹೋದಾಗ, ಅವರ ಮನೆಯವರೆಲ್ಲ ಸ್ಕೀ ಅಂದ್ರೆ ಪ್ರಾಣ ಬಿಡೋರು ಅಂತ ಗೊತ್ತಾಗಿ, 'ನಾನೂ ನಡೆಯೋಕೆ ಮೊದಲೇ ಸ್ಕೀ ಕಲಿತೋನು' ಅಂದುಬಿಟ್ರಾ? ಚಹಾ ಕುಡೀತಾ ಕುಡೀತಾ? ಆಮೇಲೆ ಅವರು, 'ಹಾಗಾದ್ರೆ ಶುಕ್ರವಾರ ಒಟ್ಟಿಗೆ ಹೋಗೋಣ ಇಂಜಿನಿಯರ್ ಸಾಹೇಬ್ರೇ' ಅಂದ್ರಾ? ಅಲ್ವಾ? ಸರಿ ಹೋಯ್ತು. ಈಗ ಎಲ್ಲಿದಾರೆ ನಿಮ್ಮ ಸ್ನೇಹಿತರು?

…

ಲಿಫ್ಟ್ ಕುರ್ಚಿಲಾ? ತಂತಿಗೆ ಜೋತುಬಿದ್ದು ಬೆಟ್ಟದ ಮೇಲಕ್ಕೆ ಹೋಗ್ತಿರೋ ಕುರ್ಚಿಲಾ? ಗಾಳಿಲಿ ನೇತಾಡ್ಕೊಂಡು, ಇಳಿಯೋದು ಹೇಗೆ ಅಂತ ಗೊತ್ತಿಲ್ದೆ? ಜೊತೆಗೆ ಯಾರೂ ಇಲ್ವಾ?

…

'ನೀವು ಮೊದಲು', 'ಛೆ ಛೆ, ನೀವು ಮೊದಲು'... ಅಯ್ಯೋ ದೇವರೇ, ಲಿಫ್ಟಿನ ಹತ್ರಾನೂ ಉಪಚಾರನಾ! ಕುರ್ಚಿಗಳು ಖಾಲಿ ಖಾಲಿ ಹೋಗ್ತಿವೆ, ಮಾವ ಅಳಿಯ ಇಬ್ಬರೂ ಎದೆ ಮೇಲೆ ಕೈಯಿಟ್ಟು ಬಗ್ಗಿ ಬಗ್ಗಿ ದಾರಿ ಬಿಡ್ತಿದಾರೆ. ಕೊನೆಗೆ ಹಿಂದಿನೋರು ಬೈದು ಅಪ್ಪನನ್ನೂ ಮಗಳನ್ನೂ ಒಂದು ಕುರ್ಚಿಗೆ ಹತ್ತಿಸಿಬಿಟ್ರು. ಹಿಂದಿನ ಕುರ್ಚಿಲಿ ಇವರೊಬ್ಬರೇ. ಏನ್ ಗ್ರಹಚಾರ!

…

ಏನಂದ್ರಿ ಈಗ? ಇನ್ನೊಂದ್ಸಲ ಹೇಳಿ.

…

'ನಿಮ್ಮ ಕಾಲಿನ ಧೂಳು ನಾನು, ಹೇಗಾದ್ರೂ ಕಾಪಾಡಿ.' ಹಾಂ. ಇಲ್ಲ, ಏನಿಲ್ಲ. ಮೊದಲು ಗಂಟಲು ಸರಿ ಮಾಡ್ಕೊಂಡು, ಆಮೇಲೆ ಇದೇ ಮಾತು ಹೇಳೋರೊಬ್ಬರು ನನಗೆ ಗೊತ್ತಿತ್ತು. ಬಿಡಿ. ನಿಮ್ಮ ಸ್ನೇಹಿತರ ಜಾಕೆಟ್ ಯಾವ ಬಣ್ಣ? ಕಿತ್ತಳೆನಾ? ಒಂದ್ನಿಮಿಷ ಲೈನಲ್ಲೇ ಇರಿ, ಇಲ್ಲಿ ಲಿಫ್ಟಿನೋರ ವೈರ್‌ಲೆಸ್ ರೇಡಿಯೋ ಕೂಗ್ತಿದೆ.

…

ಹಾಂ, ಬಂದೆ. ಈಗ ಹೇಳು ಕಾಮ್ಯಾರ್, ಅಮ್ಮ ಚೆನ್ನಾಗಿದಾರಾ?

…

ಹಲೋ? ಇದೀಯಾ? ಇಟ್ಟುಬಿಡಬೇಡ ಮತ್ತೆ. ಇಟ್ರೆ ಇಳಿಯೋದು ಹೇಗೆ ಅಂತ ಆ ಕಾಗೆಗಳನ್ನ ಕೇಳ್ಬೇಕಾಗುತ್ತೆ.

…

ಹೌದು, ನಾನೇ. ದರ್ಬಂದ್‌ಸರ್ ಹಳ್ಳಿಯ ಶಕೂಫೆ. ಒಂದು ಚಳಿಗಾಲ ಪೂರ್ತಿ ನಿನ್ನ ಉಂಗುರ ಹಾಕ್ಕೊಂಡು ಓಡಾಡಿದೋಳು. ಏನು ನಡುಗ್ತಿದೀಯ, ಚಳಿನಾ?

…

'ಜಾನಮ್' ಅಂತ ಮುದ್ದು ಮಾಡಿ ಕರೀಬೇಡ. ಜಾನಮ್ ಗೀನಮ್ ಎಲ್ಲ ಮುಂದಿನ ಕುರ್ಚಿಲಿ ಕೂತಿರೋಳಿಗೆ ಇಟ್ಕೋ. ನನ್ನ ಮುಖ ನೆನಪಿದೆಯಾ ಹೇಳು. ಕಣ್ಣಿನ ಸುತ್ತ ಬಿಳಿ, ಮಿಕ್ಕಿದ್ದೆಲ್ಲ ಕಪ್ಪು. ದಿನವಿಡೀ ಹಿಮದ ಮೇಲೆ ನಿಂತು ಪಾಠ ಹೇಳೋಳ ಮುಖ ಇನ್ನು ಹೇಗಿರುತ್ತೆ? ನಿಮ್ಮಮ್ಮ ನಮ್ಮ ಮನೇಲಿ ಕೂತು, ನಮ್ಮ ಹಣ್ಣು ಸುಲ್ಕೊಂಡು ತಿಂತಾ ಅಂದ್ರು, 'ಮದುವೆ ಫೋಟೋದಲ್ಲಿ ಈ ಮುಖಾನ ನಾವು ಯಾರಿಗೆ ತೋರಿಸೋಣ, ಕುರಿ ಕಾಯೋಳ ಥರ ಇದೆ' ಅಂತ. ಈಗ ಅದೇ ಮುಖಾನ ನೀನು ಸಲೂನಿಗೆ ಹೋಗಿ ಬಳಿಸ್ಕೊಂಡು ಬಂದಿದೀಯಲ್ಲೋ!

…

ನೀನು ಹೇಳಲಿಲ್ಲ, ಅಮ್ಮ ಹೇಳಿದ್ದು. ಹೌದಪ್ಪ ಹೌದು. ನೀನೆಲ್ಲಿ ಹೇಳಿದೆ? ನೀನು ಏನೂ ಹೇಳಲಿಲ್ಲ. ಅದಕ್ಕೇ ಇವತ್ತಿಗೂ ನನ್ನ ಹೊಟ್ಟೆ ಉರಿಯೋದು. ಉಂಗುರ ವಾಪಸ್ ಕೇಳೋಕೆ ಅಮ್ಮನ್ನ ಒಳಗೆ ಕಳಿಸಿ, ನೀನು ತಿರುವಿನ ಹತ್ರ ಕಾರಲ್ಲಿ ಕೂತಿದ್ದೆ, ಗಾಜು ಏರಿಸ್ಕೊಂಡು. ನಮ್ಮಪ್ಪನಿಗೆ ಒಳಗೆ ಏನು ನಡೀತಿದೆ ಅಂತ ಇನ್ನೂ ಗೊತ್ತಿಲ್ಲ. ಅಳಿಯ ಸಂಕೋಚದಿಂದ ಆಚೆನೇ ಕೂತಿದಾನೆ, ಚಳಿ ಹಿಡಿಯುತ್ತೆ ಅಂತ ತಟ್ಟೇಲಿ ಚಹಾ ಇಟ್ಕೊಂಡು, ಹಿಮದಲ್ಲಿ ಕಾಲು ಹೂತುಹೋಗ್ತಿದ್ರೂ ನಡ್ಕೊಂಡು ಬಂದ. ಗಾಜು ತಟ್ಟಿದ. ನೀನು ಸುಮ್ಮನೆ ಮುಂದೆ ನೋಡ್ತಾ ಕೂತಿದ್ದೆ.

…

ಗಾಜು ಇಳಿಸಲಿಲ್ಲ ನೀನು! ಚಹಾ ಆರೋವರೆಗೂ ನಿಂತಿದ್ದ ಆ ಮನುಷ್ಯ. ನಾನು ಕಿಟಕಿಯಿಂದ ನೋಡ್ತಿದ್ದೆ. 'ನನಗೆ ಈ ಮದುವೆ ಬೇಡ' ಅಂತ ನಿನ್ನ ಬಾಯಿಂದ ಒಂದು ಮಾತು ಬಂದಿದ್ರೆ ಚೆನ್ನಾಗಿ ಬೈದು ಮರೆತುಬಿಡ್ತಿದ್ವಿ. ಆಮೇಲೆ ಅಪ್ಪ ಯಾರ ಕಾರಿನ ಹತ್ರಾನೂ ಚಹಾ ತಗೊಂಡು ಹೋಗಿಲ್ಲ. ನಮ್ಮೂರಲ್ಲಿ ಅದು ಸಣ್ಣ ವಿಷಯ ಅಲ್ಲ, ಕಾಮ್ಯಾರ್.

…

ಆಮೇಲೆ ಬೈ ಅಂತೀಯಾ? ಯಾಕೆ, ಎಲ್ಲಿಗೆ ಬಂದೆ? ಕೆಳಗೆ ದೊಡ್ಡ ಬಂಡೆ ಕಾಣ್ತಿದೆಯಾ? ಹಾಂ, ಹಾಗಾದ್ರೆ ಹತ್ರ ಬಂತು. ಸರಿ, ಪಾಠ ಕೇಳಿಸ್ಕೋ. ಕೋಲುಗಳು ಎರಡೂ ಒಂದೇ ಕೈಲಿ. ಎದುರಿಗಿರೋ ಕಂಬಿ ಮೇಲಕ್ಕೆ. ಸ್ಕೀ ತುದಿ ಮೇಲಕ್ಕೆ. ಹಿಮ ತಾಗಿದ ತಕ್ಷಣ ಎದ್ದು ನಿಂತು ನೇರ ಜಾರ್ಕೊಂಡು ಹೋಗ್ಬೇಕು. ಎಡಬಲ ಅದಲುಬದಲಾದ ಬೂಟಲ್ಲಿ ಆಗುತ್ತಾ ಅಂತ ಕೇಳ್ತೀಯಾ? ಆಗಲ್ಲ. ಮುಗ್ಗರಿಸ್ತೀಯ. ಹಿಂದಿನ ಕುರ್ಚಿಯೋರು ಬಂದು ನಿನ್ನ ಮೇಲೇ ಇಳೀತಾರೆ.

…

ಅಳಬೇಡ, ಬಣ್ಣ ಇಳಿಯುತ್ತೆ.

…

ಇದೆ, ಇನ್ನೊಂದು ದಾರಿ ಇದೆ. ಮೇಲೆ ಗೂಡಿನಂಥ ಕೋಣೇಲಿ ನಮ್ಮ ಬರಾತ್ ಚಿಕ್ಕಪ್ಪ ಕೂತಿರ್ತಾನೆ. ಲಿಫ್ಟ್ ನಿಲ್ಲಿಸೋ ಗುಂಡಿ ಅವನ ಕೈಲಿ. 'ನನಗೆ ಸ್ಕೀ ಬರೋದಿಲ್ಲ, ನಿಲ್ಲಿಸಿ' ಅಂತ ಕೂಗು, ನಿಲ್ಲಿಸ್ತಾನೆ. ಪಾಪ ಅವನಿಗೆ ಕಿವಿ ಮಂದ, ಹೊಟ್ಟೆಯೊಳಗಿಂದ ಕೂಗ್ಬೇಕು.

…

ಕೇಳಿಸ್ದೆ ಇರುತ್ತಾ? ಮಾವನಿಗೂ ಕೇಳಿಸುತ್ತೆ, ಮಗಳಿಗೂ ಕೇಳಿಸುತ್ತೆ. ಅಲ್ಲಿ ಬಿಸಿ ಬಿಸಿ ಕಾಳು ತಿಂತಾ ನಿಂತಿರೋ ಅರ್ಧ ತೆಹ್ರಾನಿಗೂ ಕೇಳಿಸುತ್ತೆ.

…

ನಾನು ಹೇಳೋದಾ? ನಿನ್ನ ಬದಲು? ಅವತ್ತು ಅಮ್ಮ ಹೇಳಿದ್ರು, ಇವತ್ತು ನಾನು ಹೇಳ್ಬೇಕಾ? ದೇವರು ನಿನಗೆ ಬಾಯಿ ಕೊಟ್ಟಿರೋದು ಕಬಾಬ್ ತಿನ್ನೋಕೆ ಮಾತ್ರನಾ?

…

ಕ್ಷಮೆ ಕೇಳ್ತಿದೀಯಾ? ಇಷ್ಟು ಮೆಲ್ಲಗಾ? ಮುಂದಿನ ಕುರ್ಚಿಗೆ ಕೇಳಿಸಬಾರದು ಅಂತ ಪಿಸುಗುಟ್ಟೋ ಕ್ಷಮೆ ನನಗೆ ಬೇಡ, ನಿನ್ನ ಹತ್ರಾನೇ ಇಟ್ಕೋ. ಹೊತ್ತಾಯ್ತು, ಕೂಗು.

…

ಇದೇನಿದು, ಚಹಾ ಬೇಕಾ ಅಂತ ಕೇಳಿದ ಹಾಗಿದೆ. ಜೋರಾಗಿ.

…

ಏನು, ಮಾವ ಹಿಂದೆ ತಿರುಗಿ ನೋಡ್ತಿದಾರಾ? ನೋಡ್ಲಿ. ಇಳಿಯೋ ಜಾಗ ಬಂತಾ? ಬಂತಲ್ಲ! ಕೂಗೋ ಕಾಮ್ಯಾರ್, ಕೂಗು!

…

ಹಾಂ! ಆಹಾ! ಈಗ ಕೇಳಿಸ್ತು. ಫೋನಲ್ಲೂ ಕೇಳಿಸ್ತು, ರೇಡಿಯೋದಲ್ಲೂ ಕೇಳಿಸ್ತು. ಚಿಕ್ಕಪ್ಪ ರೇಡಿಯೋ ಗುಂಡಿ ಒತ್ತಿ ಹಿಡಿದಿದ್ದಾನೆ ಅಂತ ಕಾಣುತ್ತೆ, ಇಲ್ಲಿ ಕೆಳಗೆ ಲಿಫ್ಟಿನೋರೆಲ್ಲ ಸಿಳ್ಳೆ ಹೊಡೀತಿದಾರೆ. ಎಂಥಾ ಗಂಟಲೋ ನಿಂದು! ಇಷ್ಟು ದಿನ ಎಲ್ಲಿಟ್ಟಿದ್ದೆ ಅದನ್ನ?

…

ನಿಂತಿತಾ? ಮೆಲ್ಲಗೆ ಏಳು, ಚಿಕ್ಕಪ್ಪ ತೋಳು ಹಿಡ್ಕೋತಾನೆ. ಹುಡುಗಿ ಏನ್ ಮಾಡ್ತಿದಾಳೆ? ನಗ್ತಿದಾಳಾ? ಇಲ್ವಾ? ನಿನ್ನ ಕೊರಳಿಗೆ ಇಳಿದಿರೋ ಬಣ್ಣಾನೇ ನೋಡ್ತಿದಾಳಾ? ಒಳ್ಳೇದು, ನೋಡ್ಲಿ. ಮದುವೆಗೆ ಮೊದಲೇ ನೋಡಿಬಿಟ್ಟಳಲ್ಲ, ಅವಳ ಪುಣ್ಯ.

…

ಏನು? ನೀನು ಬಾಯಿ ತೆಗೆಯೋ ಮೊದಲೇ ಲಿಫ್ಟು ನಿಧಾನ ಆಗಿತ್ತಾ?

…

ಹೌದು ಕಣೋ. ಕಿತ್ತಳೆ ಜಾಕೆಟಿನೋನು ಬಂದ್ರೆ ನಿಲ್ಲಿಸಿ ಇಳಿಸ್ಕೋ ಚಿಕ್ಕಪ್ಪ, ಅವನಿಗೆ ಬರೋದಿಲ್ಲ ಅಂತ ಆಗಲೇ ಹೇಳಿದ್ದೆ. ರೇಡಿಯೋ ಕೂಗ್ತಿದೆ ಅಂದೆನಲ್ಲ, ಕೂಗಿದ್ದು ನಾನೇ. ಯಾರ ಕೈಕಾಲೂ ಮುರಿಯೋಕೆ ನಾವು ಬಿಡೋದಿಲ್ಲ, ನಿಂದು ಕೂಡ. ಚಿಕ್ಕಪ್ಪನ ಕಿವಿ ನನ್ನ ಕಿವಿಗಿಂತ ಚುರುಕು. ಸುಮ್ಮನೆ ಕೂರೋದ್ರಲ್ಲಿ ನಿನ್ನನ್ನ ಮೀರಿಸೋರಿಲ್ಲ ಅಲ್ವಾ? ಇವತ್ತೊಂದು ದಿನ ಹಾಗೇ ಸುಮ್ಮನೆ ಕೂತಿದ್ದಿದ್ರೆ ಸಾಕಾಗ್ತಿತ್ತು... ಹಲೋ? ಕಾಮ್ಯಾರ್? ಹಲೋ...